ಲಗತ್ತು: ಒಂದು ಹಾಳೆ

ಗುಂಜಿ, ತಾ. ಖಾನಾಪುರ
೧೪ ನವೆಂಬರ್ ೨೦೦೦

ಗೆಳೆಯಾ ಗುರುಪುತ್ರಪ್ಪ,

ದೀಪಾವಳಿಗೆ ಬರೀಬೇಕಿದ್ದ ಪತ್ರ ಇದು, ತಡ ಆತು. ಇಲ್ಲೊಂದು ಕೆಟ್ಟದ್ದು ಆಗೇತಿ. ನಿನ್ನ ಬಿಟ್ಟ ಯಾರಿಗೆ ಬರೀಲಿ? ಮುಲ್ಕಿ ಪರೀಕ್ಷಾಕ್ಕ ಒಂದ ಬೆಂಚಿನ ಮ್ಯಾಲ ಕುಂತವರು ನಾವು. ನೀ ಕೋರ್ಟಿನ ಶಿರಸ್ತೇದಾರ ಆಗಿ ರಿಟೈರ್ ಆದಿ, ನಾ ಎಮ್ಮಿ ಕಾಯ್ಕೊಂತ ಉಳದೆ. ಆದ್ರೂ ನನ್ನ ಅಕ್ಷರ ನಿನ್ನ ಅಕ್ಷರಕ್ಕಿಂತ ಛಲೋ ಅದಾವು, ಅದನ್ನ ಮಾಸ್ತರೂ ಹೇಳಿದ್ರು.

ಹಳ್ಳದ ಆಚೀಗೆ ಸಿದರಾಯ ಧಣಿ ತ್ವಾಟ ಮಾಡ್ಯಾನಲ್ಲ, ಅವನ ಜರ್ಸಿ ಆಕಳಾ ಒಂದನ್ನ ಹುಲಿ ಹೊಡೀತು. ಹೆಣ್ಣು ಹುಲಿ. ಆಕಿ ಈ ಕಡೆ ತಿರಗಾಕ ಹತ್ತಿ ಎರಡ ವರ್ಷ ಆತು. ನಮಗೆಲ್ಲಾ ಗುರ್ತು, ಎಡಗಿವಿ ಹರದಿತ್ತು. ಆಕಳಾ ಹೋದ ಮೂರನೇ ದಿನ ಮುಂಜಾನೆ ನಾ ಎಮ್ಮಿ ಹೊಡಕೊಂಡ ಹೊಂಟಿದ್ದೆ. ಹಳ್ಳದ ದಂಡಿಗೆ ಧಣಿ ಹಸರ ಜೀಪು ನಿಂತಿತ್ತು. ಧಣಿ ಒಳಗ ಕುಂತಿದ್ದ. ಅವನ ಆಳು ಮಾರಿಗೆ ಟವೆಲ್ ಸುತಗೊಂಡು, ಸತ್ತ ಕರುವಿನ ಹೊಟ್ಟಿ ಸೀಳಿ, ಡಬ್ಬಿಯಿಂದ ನೀಲಿ ಹರಳು ಸುರುವತಿದ್ದ. ಕಬ್ಬಿಗೆ ಹಾಕೂ ವಿಷದ ಔಷಧ ಅದು. ಧಣಿ ನನ್ನ ನೋಡಿ, "ಏನೋ ಮೈಲಾರಿ, ಎಂಟ ದಿನ ನಿನ್ನ ಎಮ್ಮಿ ಈ ಕಡೆ ಬಿಡಬ್ಯಾಡ" ಅಂದ. ನಾ ಸುಮ್ಮನ ಎಮ್ಮಿ ತಿರಿವಿಕೊಂಡ ಬಂದೆ. ಸುಮ್ಮನ ಬಂದೆ ಅನ್ನೂದ ಈಗ ಎದಿಯಾಗ ಕುಂತೈತಿ.

ಈ ಸಿದರಾಯನ ಅಪ್ಪನ ನಿನ್ನ ಲಗ್ನಕ್ಕ ಹುಲಿ ಚರ್ಮ ಕೊಟ್ಟಾಂವ, ನೆನಪೈತಲ್ಲ? ಆ ಹುಲೀನ್ನ ಎಬ್ಬಿಸಾಕ ಡಬ್ಬಿ ಬಡದವರಾಗ ನಾನೂ ಒಬ್ಬ. ಅದರ ಮೀಸಿ ಸುಡಾಕ ನಮ್ಮವ್ವ ದೀಪಾ ತಗೊಂಡ ಹೋದ್ರ ದೊಡ್ಡ ಧಣಿ ಬೈದು ಕಳಿಸಿದ. ನಮ್ಮವ್ವ ಸಾಯೂತನಾ ಅದನ್ನ ಅಂತಿದ್ಳು. ಆ ಚರ್ಮ ಇನ್ನೂ ನಿಮ್ಮ ಟ್ರಂಕಿನ್ಯಾಗ ಐತೇನು? ಕಾಶವ್ವಕ್ಕ ಇನ್ನೂ ಮಾಳಿಗಿ ಮ್ಯಾಲ ಬಿಸಲಿಗೆ ಹಾಕತಾಳೇನು?

ಹಾಳಿ ಮುಗೀತು. ಇನ್ನೊಂದ ತಗೋತೇನಿ.

ಎರಡ ದಿನ ಬಿಟ್ಟ ಹೋದ್ರ ಆಕಿ ಹಳ್ಳದಾಗ ನೀರಿಗೆ ಮಾರಿ ಇಟ್ಟ ಸತ್ತ ಬಿದ್ದಿದ್ಳು. ನಾಲಿಗಿ ಕರ್ರಗ ಆಗಿತ್ತು. ಬಾಜೂಕ ಎರಡ ನರಿ, ಏಳೆಂಟ ಕಾಗಿ. ಶ್ರಾವಣದಾಗ ನಮ್ಮ ಗಬ್ಬದ ಎಮ್ಮಿ ತಿಂದಾಕಿನೂ ಆಕೀನ. ಅವತ್ತ ನಮ್ಮಾಕಿ ಸಿದ್ದಕ್ಕ "ನಿನ್ನ ಹೆಣಾ ನೋಡ್ಲಿ" ಅಂತ ಬಾಯಿ ತುಂಬ ಬೈದಿದ್ಳು. ಈಗ ಆಕೀನ ಮೊದಲ ಅತ್ಲು.

ನಮ್ಮ ಮಂದಿ ರೂಢಿ ನಿನಗ ಗೊತ್ತ ಐತಿ. ಹುಲಿ ಮೀಸಿ ಯಾರ ಕೈಗೂ ಸಿಗಬಾರದು, ಅರದ ಅನ್ನದಾಗ ಹಾಕಿದ್ರ ಮನಷ್ಯಾನ ಕರುಳ ಕತ್ತರಸತೈತಿ ಅಂತಾರ. ಸಿದ್ದಕ್ಕ ದೀಪದಿಂದ ಒಂದೊಂದ ಮೀಸಿ ಸುಟ್ಲು. ಮೈಗೆ ಭಂಡಾರದ ಅರಿಷಿಣಾ ಹಚ್ಚಿ, ನನ್ನ ಹೊಸಾ ಕಂಬಳಿ ಹೊಚ್ಚಿ, ನಮ್ಮ ಹೊಲದ ಮೂಲಿಯೊಳಗ ಉಪ್ಪು ಹಾಕಿ ಹುಗದ್ವಿ. ಮನ್ಯಾಗಿನವರು ಸತ್ರ ಹ್ಯಾಂಗ ಮಾಡತೀವೋ ಹಂಗ. ಯಾರಿಗೂ ಹೇಳಬ್ಯಾಡ. ಇದು ಹೊರಗ ಬಿದ್ರ ಪೀಡಾ ನಮಗ.

ನಿನ್ನ ಗೆಳೆಯ
ಮೈಲಾರಲಿಂಗ

---

ಟಿಳಕವಾಡಿ, ಬೆಳಗಾವಿ
೨೧ ನವೆಂಬರ್ ೨೦೦೦

ಪ್ರಿಯ ಮೈಲಾರಲಿಂಗ,

ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. "ಸತ್ತಿದ್ದು ಹುಲಿ, ಉಪವಾಸ ನಿಮ್ಮದು" ಎಂದು ಕಾಶವ್ವ ನಕ್ಕಳು. ಆಮೇಲೆ ತಾನೇ ಪತ್ರ ಓದಿ, ತನ್ನ ತಾಟನ್ನೂ ಎತ್ತಿಟ್ಟಳು.

ಮೂವತ್ತೈದು ವರ್ಷ ನಾನು ಕೋರ್ಟಿನಲ್ಲಿ ಕಾಗದ ಕಟ್ಟಿದವನು. ಕೊಲೆಯಿರಲಿ, ಕಳವಿರಲಿ, ಬದುವಿನ ಜಗಳವಿರಲಿ, ಪ್ರತಿಯೊಂದಕ್ಕೂ ಒಬ್ಬ ಫಿರ್ಯಾದಿ ಇರುತ್ತಿದ್ದ. ಸತ್ತವನ ಹೆಂಡತಿ ಬರುತ್ತಿದ್ದಳು, ತಮ್ಮ ಬರುತ್ತಿದ್ದ, ಯಾರೂ ಇಲ್ಲದಿದ್ದರೆ ಪೊಲೀಸು ಪಾಟೀಲನಾದರೂ ಬರುತ್ತಿದ್ದ. ಹುಲಿಯ ಕೊಲೆಗೆ ಮಾತ್ರ ಯಾರೂ ಇಲ್ಲ. ಅದು ಕಟಕಟೆ ಹತ್ತಿ ಇವನೇ ನನಗೆ ವಿಷ ಹಾಕಿದವನು ಎಂದು ಬೆರಳು ತೋರಿಸುವುದಿಲ್ಲ. ಆದ್ದರಿಂದಲೇ ಅದನ್ನು ಅಪರಾಧವೆಂದು ಬಗೆಯುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಸರಕಾರವೇ ಹುಲಿಯ ತಲೆಗೆ ಇನಾಮು ಕೊಡುತ್ತಿದ್ದ ಕಾಲದ ಸಂಗತಿಯನ್ನು ಹಳೆಯ ಗೆಜೆಟಿಯರುಗಳಲ್ಲಿ ಓದಿದ್ದೇನೆ. ಆಗ ಕೊಂದವನು ಶೂರನಾಗಿದ್ದ. ಎಪ್ಪತ್ತೆರಡರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವನು ಅಪರಾಧಿ. ಹುಲಿ ಮೊದಲನೇ ಅನುಸೂಚಿಯ ಪ್ರಾಣಿ. ಕೊಂದವನಿಗೆ ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಆರು ವರ್ಷ. ಕಾಗದದ ಮೇಲೆ ಇದೆ. ಆದರೆ ನನ್ನ ಕಣ್ಣ ಮುಂದೆ ಈ ಕಾಯ್ದೆಯಲ್ಲಿ ಶಿಕ್ಷೆಯಾದದ್ದು ಮೂರೇ ಮಂದಿಗೆ: ಇಬ್ಬರು ಉಡ ಹಿಡಿದವರು, ಒಬ್ಬ ಮೊಲಕ್ಕೆ ಉರುಲು ಹಾಕಿದವನು. ಬಂದೂಕಿನ ಲೈಸೆನ್ಸು ಇದ್ದವನು ಒಬ್ಬನೂ ಇರಲಿಲ್ಲ, ಜೀಪು ಇದ್ದವನು ಒಬ್ಬನೂ ಇರಲಿಲ್ಲ.

ಯಾರಿಗೂ ಹೇಳಬೇಡ ಎಂದೆ. ಹೇಳಿದ್ದೇನೆ. ಸಿಟ್ಟಾಗಬೇಡ. ನಿನ್ನೆ ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಲಿಖಿತ ಫಿರ್ಯಾದು ಕೊಟ್ಟು, ಸಿದರಾಯ ಧಣಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಹುಲಿ ಸತ್ತದ್ದಕ್ಕೂ ಹುಗಿದದ್ದಕ್ಕೂ ಪುರಾವೆಯಾಗಿ ನಿನ್ನ ಪತ್ರವನ್ನು ಲಗತ್ತಿಸಿದ್ದೇನೆ. ನೀನು ಸಾಕ್ಷಿ, ಆರೋಪಿಯಲ್ಲ. ನಿನ್ನ ಕೂದಲೂ ಕೊಂಕದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಎಲ್ಲರೂ ಎಮ್ಮೆ ತಿರುವಿಕೊಂಡು ಬಂದರೆ ಈ ನಾಡಿನಲ್ಲಿ ಕಾಡು ಉಳಿದೀತೆ?

ಶರಣು,
ಗುರುಪುತ್ರಪ್ಪ

---

ಗುಂಜಿ
೬ ಡಿಸೆಂಬರ್ ೨೦೦೦

ಗುರುಪುತ್ರಪ್ಪ ಕಾಕಾ ಅವರಿಗೆ,

ನಾನು ಮೈಲಾರಲಿಂಗನ ಮಗಳು ನೀಲಾ, ಇಲ್ಲಿನ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ನನಗೆ ಹೆಸರಿಟ್ಟವರು ನೀವೇ ಎಂದು ಅಪ್ಪ ಹೇಳುತ್ತಿರುತ್ತಾನೆ. ಸೋಮವಾರ ಫಾರೆಸ್ಟಿನವರು ಅಪ್ಪನನ್ನು ಹಿಡಿದುಕೊಂಡು ಹೋದರು. ನಿನ್ನೆ ಖಾನಾಪುರ ಕೋರ್ಟಿಗೆ ಹಾಜರು ಮಾಡಿದರು. ಈಗ ಹಿಂಡಲಗಾ ಜೈಲಿನಲ್ಲಿದ್ದಾನೆ.

ಅವರು ಬಂದಾಗ ಅಪ್ಪ ಹಾಲು ಹಿಂಡುತ್ತಿದ್ದ. ಹನ್ನೊಂದು ಮಂದಿ, ಎರಡು ಗಾಡಿ. ಸಾಹೇಬರು ನೇರವಾಗಿ ಹೊಲದ ಮೂಲೆಗೇ ಹೋಗಿ "ಇಲ್ಲೆ ಅಗೀರಿ" ಎಂದರು. ನಿಮ್ಮ ಕಾಗದದಲ್ಲಿ ಜಾಗವೂ ಇತ್ತಲ್ಲ. ಕಂಬಳಿ ಮೇಲೆ ಬಂತು. ಅಪ್ಪನ ಕಂಬಳಿಗೆ ಕೆಂಪು ಅಂಚು, ಊರಿಗೆಲ್ಲ ಗೊತ್ತು. ಸಾಹೇಬರು ಅದನ್ನು ಕೋಲಿನಿಂದ ಸರಿಸಿ, "ಮೀಸೆ ಎಲ್ಲಿ ಮಾರಿದಿರಿ?" ಎಂದರು.

ಅವ್ವ ಮುಂದೆ ಬಂದಳು. "ಸುಟ್ಟೇನ್ರಿ."

"ಸುಳ್ಳ ಹೇಳಬ್ಯಾಡ. ಉಗುರು, ಹಲ್ಲು ಬಿಟ್ಟು ಮೀಸಿ ಅಷ್ಟ ಯಾರು ಸುಡತಾರ?"

"ಮಾರೂ ಬುದ್ಧಿ ಇದ್ದಿದ್ರ ಉಗುರ ಬಿಡತಿದ್ದೆವೇನ್ರಿ? ನಿಮ್ಮ ಮನ್ಯಾಗ ಯಾರರ ಸತ್ರ ಕಂಬಳಿ ಹೊಚ್ಚಿ ಹುಗದು, ಆಮ್ಯಾಲ ಅವರ ಮೀಸಿ ಮಾರತೀರೇನು?" ಎಂದಳು ಅವ್ವ. ಒಬ್ಬ ಗಾರ್ಡು ನಕ್ಕುಬಿಟ್ಟ. ಸಾಹೇಬರಿಗೆ ಸಿಟ್ಟು ಬಂದದ್ದು ಆಗಲೇ.

ಅಪ್ಪ ಸಿದರಾಯ ಧಣಿಯ ಜೀಪಿನ ಮಾತು ಹೇಳಿದ. ಅದಕ್ಕೆ ಸಾಹೇಬರು, "ಫಿರ್ಯಾದಿನೊಳಗೂ ಅವರ ಹೆಸರೈತಿ. ಫಿರ್ಯಾದಿ ಕಣ್ಣಾರೆ ನೋಡ್ಯಾನೇನು? ಇಲ್ಲ. ಪುರಾವೆ ಅಂತ ಕೊಟ್ಟಿದ್ದು ನಿನ್ನ ಈ ಕಾಗದ ಒಂದ. ಇದರಾಗ ಧಣಿ ಇಲ್ಲ, ಜೀಪಿಲ್ಲ. ನಿನ್ನ ಎಮ್ಮಿ ತಿಂದ ಹುಲಿ ಐತಿ, ಹೆಂಡ್ತಿ ಶಾಪ ಐತಿ, ಹುಗದಿದ್ದೈತಿ, ಯಾರಿಗೂ ಹೇಳಬ್ಯಾಡ ಅಂತ ನೀನ ಬರದಿದ್ದೈತಿ. ಇನ್ನೇನ ಬೇಕು?" ಎಂದು ಕೈಯಲ್ಲಿದ್ದ ಹಾಳೆ ತೋರಿಸಿದರು.

ಕಾಕಾ, ಅವರ ಕೈಯಲ್ಲಿ ಒಂದೇ ಹಾಳೆ ಇತ್ತು. ಅಪ್ಪ ಗಾಡಿ ಹತ್ತುವಾಗ ನನ್ನ ಕಿವಿಯಲ್ಲಿ, "ನಾ ಎರಡ ಹಾಳಿ ಬರದಿದ್ದೆ. ಕಾಕಾನ್ನ ಕೇಳು" ಎಂದ. ಕೇಳುತ್ತಿದ್ದೇನೆ. ಮೊದಲನೇ ಹಾಳೆ ಎಲ್ಲಿ?

ನೀಲಾ

---

ಟಿಳಕವಾಡಿ
೧೨ ಡಿಸೆಂಬರ್ ೨೦೦೦

ಚಿ. ನೀಲಾಳಿಗೆ,

ನಿನ್ನ ಪತ್ರ ನೋಡಿ ಆದ ಆಘಾತವನ್ನು ಬರೆಯಲಾರೆ. ಧೈರ್ಯಗೆಡಬೇಡ. ರಾಮತೀರ್ಥ ನಗರದ ಶಶಿಧರ ವಕೀಲರಿಗೆ ಹೇಳಿದ್ದೇನೆ. ನನ್ನ ಕೈಕೆಳಗೆ ಕಾಗದ ಓದಲು ಕಲಿತ ಹುಡುಗ, ಈಗ ಒಳ್ಳೆಯ ಹೆಸರು ಮಾಡಿದ್ದಾನೆ. ಈ ವಾರವೇ ಜಾಮೀನಿಗೆ ಅರ್ಜಿ ಹಾಕುತ್ತಾನೆ.

ಹಾಳೆಯ ವಿಷಯ. ಕಚೇರಿಗಳಲ್ಲಿ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಟಾಚಣಿ ಪಿನ್ನು ಬಿಚ್ಚಿ ಬೀಳುವುದು, ಬೇರೆ ಕಡತಕ್ಕೆ ಸೇರುವುದು ಹೊಸದಲ್ಲ. ಪತ್ರವನ್ನು ಪೂರ್ಣವಾಗಿ ಲಗತ್ತಿಸಿದ್ದೆನೆಂದೇ ಅಂದುಕೊಂಡಿದ್ದೇನೆ, ಸರಿಯಾಗಿ ನೆನಪಿಲ್ಲ. ವಿಚಾರಿಸುತ್ತೇನೆ.

ನ್ಯಾಯದ ಮೇಲೆ ನಂಬಿಕೆ ಇಡು. ತಾಯಿಗೆ ಸಮಾಧಾನ ಹೇಳು.

ಗುರುಪುತ್ರಪ್ಪ

---

ಗುಂಜಿ
೩ ಜನವರಿ ೨೦೦೧

ಗುರುಪುತ್ರಪ್ಪನವರಿಗೆ,

ಜಾಮೀನು ಸಿಗಲಿಲ್ಲ. ಸಾಕ್ಷಿ ಕೆಡಿಸುವ ಭಯವಿದೆ ಎಂದು ಸರಕಾರಿ ವಕೀಲರು ಹೇಳಿದರು. ಎಮ್ಮೆ ಕಾಯಲು ಅವ್ವ ಹೋಗುತ್ತಿದ್ದಾಳೆ. ಹಳ್ಳದ ಕಡೆ ಮಾತ್ರ ಬಿಡುವುದಿಲ್ಲ. ಅಲ್ಲಿ ಇನ್ನೂ ಕಾಗೆ ಕೂರುವುದಿಲ್ಲ.

ಸಂಕ್ರಾಂತಿಗೆ ಮುಂಚೆ ಬರೆಯಬಾರದೆಂದಿದ್ದೆ. ಆದರೆ ಹೋದ ವಾರ ಸಿದರಾಯ ಧಣಿ ನಮ್ಮ ಮನೆಗೆ ಬಂದಿದ್ದ. ಕಟ್ಟೆಯ ಮೇಲೆ ಕುಳಿತು, ಅವ್ವ ಕೊಟ್ಟ ನೀರು ಕುಡಿದು, ಬಹಳ ಮೆತ್ತಗೆ ಮಾತಾಡಿದ. "ನೋಡು ಸಿದ್ದಕ್ಕ, ಮೈಲಾರಿ ತಪ್ಪು ಒಪ್ಪಿಕೊಂಡ್ರ ಕೋರ್ಟಿನವರು ಕಡಿಮಿ ಮಾಡ್ತಾರ. ವಯಸ್ಸಾದಾಂವ ಅಂತಾರ. ವರ್ಷದಾಗ ಮನಿಗೆ ಬರ್ತಾನ. ಅಲ್ಲೀತನಾ ನಿಮ್ಮ ಎಮ್ಮಿ ನನ್ನ ತ್ವಾಟದಾಗ ಮೇಯ್ಲಿ."

ಅವ್ವ ಲೋಟ ತೆಗೆದುಕೊಂಡಳು. "ನಿಮ್ಮ ತ್ವಾಟದಾಗ ಮೇದ್ರ ಎಮ್ಮಿ ಉಳೀತಾವೇನ್ರಿ ಧಣ್ಯಾರ?" ಎಂದಳು. ಅವನು ಎದ್ದು ಹೋದ.

ಆದರೆ ಅಪ್ಪ ಒಪ್ಪಿಕೊಳ್ಳುವ ಯೋಚನೆಯಲ್ಲಿದ್ದಾನೆ. ಅದನ್ನು ಹೇಳಲೇ ಈ ಕಾಗದ. ಹೊಸ ವರ್ಷದ ದಿನ ಹಿಂಡಲಗಾಕ್ಕೆ ಹೋಗಿದ್ದೆ. ಅಪ್ಪ ಕರಗಿ ಅರ್ಧವಾಗಿದ್ದಾನೆ, ಕೆಮ್ಮುತ್ತಾನೆ. "ಮೊದಲನೇ ಹಾಳಿ ಹೊರಗ ಬರಂಗಿಲ್ಲ ತಂಗಿ. ಸುಮ್ಮನ ಒಪ್ಪಿಕೊಂಡ ಬಿಡತೇನಿ" ಎಂದ. ಕಚೇರಿಯಲ್ಲಿ ಕಳೆದಿರಬಹುದು, ಕಾಕಾನಿಗೆ ನೆನಪಿಲ್ಲವಂತೆ ಎಂದು ನಿಮ್ಮ ಮಾತು ಹೇಳಿದೆ. ಅಪ್ಪ ಸರಳಿನಿಂದ ಕೈ ತೆಗೆದ. "ಅಂವಾ ಸಾಲಿ ಮೂರನೇತ್ತಾದಾಗ ಯಾರ ಯಾರಿಗೆ ಎಷ್ಟೆಷ್ಟ ಮಾರ್ಕ್ಸ್ ಬಿದ್ದಿದ್ವು ಅಂತ ಈಗೂ ಹೇಳತಾನ" ಎಂದ. ಅದರಲ್ಲಿ ಏನಿತ್ತು ಎಂದು ಎಷ್ಟು ಕೇಳಿದರೂ ಜೀಪು ಮತ್ತು ಡಬ್ಬಿಯ ಮಾತು ಬಿಟ್ಟು ಬೇರೆ ಹೇಳಲಿಲ್ಲ.

ನಿನ್ನೆ ಶಶಿಧರ ವಕೀಲರು ಕೋರ್ಟಿನಿಂದ ನಿಮ್ಮ ಫಿರ್ಯಾದಿನ ನಕಲು ತೆಗೆಸಿದರು. ಎರಡೂವರೆ ಪುಟ. ಬಹಳ ಚೆನ್ನಾಗಿ ಬರೆದಿದ್ದೀರಿ. ಕೊನೆಗೆ, ನಿಮ್ಮ ಸಹಿಯ ಕೆಳಗೆ, ನಿಮ್ಮದೇ ಅಕ್ಷರದಲ್ಲಿ ಹೀಗಿದೆ: "ಲಗತ್ತು: ಒಂದು ಹಾಳೆ." ವಕೀಲರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ನನಗ ಲಗತ್ತು ಎಣಿಸಿ ಬರಿಯೂದು ಕಲಿಸಿದವರ ಅವರು" ಎಂದರು.

ಯಾವ ಟಾಚಣಿಯೂ ಬಿಚ್ಚಿಲ್ಲ. ನೀವು ಕೊಟ್ಟದ್ದೇ ಒಂದು.

ಯಾಕೆ ಎಂದು ನಾನು ಕೇಳುವುದಿಲ್ಲ. ಸರಕಾರದ ಕಡೆಯ ಮುಖ್ಯ ಸಾಕ್ಷಿ ನೀವೇ ಅಂತೆ. ಅದು ಅಪ್ಪನ ಅಕ್ಷರ ಎಂದು ಗುರುತಿಸಲು ನಿಮ್ಮನ್ನು ಕರೆಯುತ್ತಾರೆ. ಗುರುತಿಸಿ. ಸುಳ್ಳು ಹೇಳಿರೆಂದು ನಾವು ಕೇಳುವುದಿಲ್ಲ.

ನೀಲಾ ಮೈಲಾರಲಿಂಗ

---

ಹಿಂಡಲಗಾ ಜೈಲು
೪ ಫೆಬ್ರುವರಿ ೨೦೦೧

ಗೆಳೆಯಾ ಗುರುಪುತ್ರಪ್ಪ,

ಇಲ್ಲಿ ಕಾರ್ಡು ಕೊಡತಾರ. ಬರದ ಕೊಟ್ರ ಅವರೂ ಓದಿ ಕಳಸತಾರ, ಅದಕ್ಕ ಅಕ್ಷರ ಛಂದ ಮಾಡಿ ಬರದೇನಿ. ಹತ್ತೊಂಬತ್ತನೇ ತಾರೀಕಿಗೆ ನಿನ್ನ ಸಾಕ್ಷಿ ಐತಂತ. ನೀ ಏನೂ ಮನಸ್ಸಿಗೆ ಹಚಗೋಬ್ಯಾಡ. ಅಕ್ಷರ ನಂದ, ನಂದ ಅಂತ ಹೇಳು. ನಾನೂ ಅವತ್ತ ಒಪ್ಪಿಕೊಂಡ ಬಿಡತೇನಿ.

ಥಂಡಿ ಹೋಗಿ ಬಿಸಲ ಬರಾಕ ಹತ್ತೇತಿ. ಕಾಶವ್ವಕ್ಕಗ ಹೇಳು, ಮಾಳಿಗಿ ಮ್ಯಾಲ ಹಾಸಗಿ ಹೊದಕಿ ಏನರ ಬಿಸಲಿಗೆ ಹಾಕೂದಿದ್ರ ಈ ವರ್ಷ ಹಾಕೂದು ಬ್ಯಾಡ. ಮಂದಿ ಕಣ್ಣು ಛಲೋ ಇರೂದಿಲ್ಲ.

ಸಿದ್ದಕ್ಕನ ಮ್ಯಾಲ, ನೀಲಾನ ಮ್ಯಾಲ ಲಕ್ಷ ಇರಲಿ.

ಮೈಲಾರಲಿಂಗ

---

ಟಿಳಕವಾಡಿ
೨೬ ಫೆಬ್ರುವರಿ ೨೦೦೧

ಮೈಲಾರಲಿಂಗ,

ಕೋರ್ಟಿನಲ್ಲಿ ನೀನಿದ್ದೆ, ಎಲ್ಲವನ್ನೂ ನೋಡಿದೆ. ಆದರೂ ಬರೆಯುತ್ತೇನೆ. ನೀನು ನೋಡದಿದ್ದದ್ದು ಕೆಲವಿದೆ.

ನವೆಂಬರ್ ಇಪ್ಪತ್ತರಂದು ಫಿರ್ಯಾದು ಬರೆದು ಮುಗಿಸಿ ನಿನ್ನ ಪತ್ರ ಕೈಗೆತ್ತಿಕೊಂಡೆ. ಮೊದಲನೇ ಹಾಳೆಯ ಕೊನೆಯ ಸಾಲುಗಳಿಗೆ ಬಂದಾಗ ಕೈ ನಿಂತಿತು. ಕಾಯ್ದೆ ಬಂದ ಹೊಸತರಲ್ಲಿ, ಮನೆಯಲ್ಲಿ ಚರ್ಮವೋ ಕೊಂಬೋ ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕೆಂಬ ಪ್ರಕಟಣೆಯನ್ನು ಕೋರ್ಟಿನ ಗೋಡೆಗೆ ಹಚ್ಚಿಸಿದವನು ನಾನೇ. ಮನೆಗೆ ಬಂದು ನನ್ನ ಟ್ರಂಕು ನೋಡಿದೆ, ಮುಚ್ಚಿದೆ. ಮೊದಲು ಸೋಮಾರಿತನ. ಮೂವತ್ತು ದಿನ ಕಳೆದ ಮೇಲೆ ಭಯ. ಹತ್ತು ವರ್ಷ ಕಳೆದ ಮೇಲೆ ಅದು ನನ್ನದೇ ಎಂಬ ರೂಢಿ. ಆ ಟ್ರಂಕಿನ ಮೇಲೇ ಕಾಗದ ಇಟ್ಟುಕೊಂಡು ಕಾಡಿನ ಬಗ್ಗೆ ಪತ್ರಿಕೆಗಳಿಗೆ ಎಷ್ಟು ಪತ್ರ ಬರೆದಿದ್ದೇನೋ.

ಆ ಸಾಲುಗಳ ಮೇಲೆ ಮಸಿ ಬಳಿಯಬಹುದಿತ್ತು. ಬಳಿಯಲಿಲ್ಲ. ದಾಖಲೆ ತಿದ್ದುವುದು ಅಪರಾಧವೆಂದು ಮೂವತ್ತೈದು ವರ್ಷ ಗುಮಾಸ್ತರಿಗೆ ಹೇಳಿದವನಿಗೆ ಕೈ ಬರಲಿಲ್ಲ. ಅದಕ್ಕೆ ಇಡೀ ಹಾಳೆಯನ್ನೇ ಇಟ್ಟುಕೊಂಡೆ. ಹಾಳೆ ತಿದ್ದಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಲಗತ್ತು ಒಂದು ಎಂದು ಎಣಿಸಿ ಬರೆದೆ. ಎರಡನೇ ಹಾಳೆ ಒಂದೇ ಹೋದರೆ ನಿನ್ನ ಗತಿ ಏನಾದೀತೆಂದು ಆ ಕ್ಷಣದಲ್ಲಿ ಹೊಳೆಯಲಿಲ್ಲ ಎಂದರೆ ನೀನು ನಂಬುತ್ತೀಯಾ? ನಾನೇ ನಂಬುವುದಿಲ್ಲ.

ನಿನ್ನ ಕಾರ್ಡು ಬಂದ ದಿನ ಅದನ್ನು ಕಾಶವ್ವ ಓದಿದಳು. ಬಿಸಿಲಿಗೆ ಹಾಕಬೇಡವೆಂದು ಜೈಲಿನಲ್ಲಿ ಕುಳಿತು ನೀನು ನನ್ನನ್ನು ಕಾಯುತ್ತಿದ್ದೆ. ಅವಳು ಟ್ರಂಕು ಎಳೆದು ನಡುಮನೆಗೆ ತಂದಳು. "ಮೂವತ್ತೈದು ವರ್ಷ ಇದನ್ನ ಬಿಸಲಿಗೆ ಹಾಕಿ ಹುಳಾ ಬೀಳದಂಗ ನೋಡಿಕೊಂಡೆ. ನಿಮಗ ಹುಳಾ ಬಿದ್ದದ್ದು ಗೊತ್ತಾಗಲಿಲ್ಲ ನನಗ" ಎಂದಳು. ಆಮೇಲೆ ನನ್ನ ಪೆಟ್ಟಿಗೆಯಿಂದ ನಿನ್ನ ಮೊದಲನೇ ಹಾಳೆ ತೆಗೆದು ಟ್ರಂಕಿನ ಮೇಲಿಟ್ಟಳು. ಅದು ಎಲ್ಲಿತ್ತೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಹತ್ತೊಂಬತ್ತರ ಮುಂಜಾನೆ ಇಬ್ಬರೂ ಆಚೆಗೊಂದು ಈಚೆಗೊಂದು ಹಿಡಿಕೆ ಹಿಡಿದು ಟ್ರಂಕನ್ನು ಪ್ಯಾಸೆಂಜರ್ ಗಾಡಿಗೆ ಹತ್ತಿಸಿದೆವು. ಖಾನಾಪುರದವರೆಗೆ ಒಬ್ಬ ತರಕಾರಿ ಮಾರುವ ಮುದುಕಿ ಅದರ ಮೇಲೆ ಕುಳಿತು ಬಂದಳು. "ಏನ ಐತ್ರಿ ಇದರಾಗ, ಇಷ್ಟ ಜಪ್ಪಿಸಿ ಹಿಡದೀರಿ?" ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಕಾಶವ್ವ, "ಇವರ ಮರ್ಯಾದಿ ಐತ್ರಿ, ಸ್ವಲ್ಪ ಸಾವಕಾಶ ಕುಂದರ್ರಿ" ಎಂದಳು. ಮುದುಕಿ ನಕ್ಕಳು.

ಕಟಕಟೆಯಲ್ಲಿ ನಿಂತಾಗಿನದು ನಿನಗೆ ಗೊತ್ತು. ಇದು ಯಾರ ಅಕ್ಷರ ಎಂದರು, ನಿನ್ನದೆಂದೆ. ನೀನು ತಲೆ ಬಗ್ಗಿಸಿದೆ. ಇದು ನಿಮಗೆ ಬಂದ ಪತ್ರವೇ ಎಂದರು, ಅಲ್ಲ ಎಂದೆ. ಸರಕಾರಿ ವಕೀಲರು ಗಾಬರಿಯಾದರು. "ಪತ್ರ ಅಲ್ಲ, ಪತ್ರದ ಅರ್ಧ. ತಪ್ಪೊಪ್ಪಿಗೆ ಅಂತ ಓದೂದಿದ್ರ ಪೂರ್ತಿ ಓದಬೇಕು. ಇನ್ನರ್ಧ ನನ್ನ ಹತ್ತಿರ ಐತ್ರಿ" ಎಂದು ಕಿಸೆಯಿಂದ ತೆಗೆದೆ. ನ್ಯಾಯಾಧೀಶರು ಗಟ್ಟಿಯಾಗಿ ಓದಿಸಿದರು. ಜೀಪು, ಡಬ್ಬಿ, ನೀಲಿ ಹರಳು. ಶಶಿಧರ ಎದ್ದು ನಿಂತಿದ್ದ. ಆಮೇಲೆ ಗುಮಾಸ್ತ ಕೊನೆಯ ಸಾಲುಗಳಿಗೆ ಬಂದು ತಡವರಿಸಿದ. ಅವನನ್ನು ಕೆಲಸಕ್ಕೆ ಸೇರಿಸಿಕೊಂಡವನು ನಾನು. "ಓದಪ್ಪಾ" ಎಂದೆ. ಓದಿದ: "ಆ ಚರ್ಮ ಇನ್ನೂ ನಿಮ್ಮ ಟ್ರಂಕಿನ್ಯಾಗ ಐತೇನು?"

"ಐತ್ರಿ ಸಾಹೇಬ್ರ" ಎಂದೆ. "ಹೊರಗ ಪಡಸಾಲ್ಯಾಗ ನಮ್ಮ ಮನಿಯವರು ಕಾಯ್ಕೊಂಡ ಕುಂತಾರ."

ನಿನಗೆ ಅಂದೇ ಜಾಮೀನಾಯಿತು. ನನ್ನ ಮೇಲೆ ಬೇರೆ ಪ್ರಕರಣ ದಾಖಲಾಯಿತು, ಸಂಜೆ ನನಗೂ ಜಾಮೀನಾಯಿತು. ನೀಲಾ ನನ್ನ ಕಡೆ ನೋಡಲಿಲ್ಲ. ಅದು ಸರಿ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಸಿದರಾಯ ಧಣಿಯ ಔಷಧದ ಕೋಣೆ ತಪಾಸಣೆಗೆ ಅರಣ್ಯ ಇಲಾಖೆಯವರು ಮೊನ್ನೆ ಹೋದರಂತೆ. ಗೋಡೆಗೆ ಹೊಸ ಸುಣ್ಣ, ನೆಲಕ್ಕೆ ಹೊಸ ಸಿಮೆಂಟು. ಆ ಆಳು ಕೆಲಸ ಬಿಟ್ಟು ಗೋವೆಯ ಕಡೆ ಹೋಗಿದ್ದಾನೆ. ಹಳ್ಳದಲ್ಲಿ ಕರುವಿನ ಎಲುಬೂ ಇಲ್ಲ. ನವೆಂಬರಿನಲ್ಲಿ ಹೋಗಿದ್ದರೆ ಎಲ್ಲವೂ ಸಿಗುತ್ತಿತ್ತು. ನಿನ್ನ ಕಡೆ ಅಗೆದರೆ ಕಂಬಳಿ ಸಿಕ್ಕಿತು, ಭಂಡಾರ ಸಿಕ್ಕಿತು. ಅತ್ತವನ ಗುರುತು ನೆಲದಲ್ಲಿ ಉಳಿಯುತ್ತದೆ, ವಿಷ ಹಾಕಿದವನು ಸುಣ್ಣ ಬಳಿದುಕೊಳ್ಳುತ್ತಾನೆ. ಅವನಿಗೆ ಸುಣ್ಣ ಕಲಸಲು ಮೂರು ತಿಂಗಳು ಕೊಟ್ಟವನು ನಾನು. ಹುಲಿಗೆ ಫಿರ್ಯಾದಿ ಇಲ್ಲವೆಂದು ನಿನಗೆ ಪಾಠ ಹೇಳಿದ್ದೆ. ಒಬ್ಬ ಫಿರ್ಯಾದಿ ಇದ್ದ. ಅವನೇ ಅವಳ ಸಾಕ್ಷಿಯನ್ನು ಬಚ್ಚಿಟ್ಟ.

ಇನ್ನೊಂದು ಮಾತು. ಟ್ರಂಕು ತೆರೆದು ಪಂಚನಾಮೆ ಮಾಡುವಾಗ ಮೀಸೆಗಳನ್ನೂ ಎಣಿಸಿದರು. ಎಡಕ್ಕೆ ಒಂಬತ್ತು, ಬಲಕ್ಕೆ ಏಳು. ಸಿದ್ದಕ್ಕ ಬಾಗಿಲಲ್ಲಿ ನಿಂತಿದ್ದಳು. "ನಮ್ಮತ್ತಿ ಕೇಳಿದ್ದು ಇದ" ಎಂದಳು, ಯಾರಿಗೂ ಅಲ್ಲ ಎನ್ನುವಂತೆ. ಹಿಂದಿನ ದಿನ ಕಾಶವ್ವ ದೀಪ ಹಚ್ಚಿಕೊಂಡು ಬಂದಿದ್ದಳು, ಸುಟ್ಟುಬಿಡೋಣವೆಂದು. ನಾನು ಬೇಡವೆಂದೆ. ಸುಟ್ಟಿದ್ದರೆ ಇನ್ನೊಂದು ಸಲ ಸಾಕ್ಷಿ ಕೆಡಿಸಿದಂತಾಗುತ್ತಿತ್ತು.

ಅದಕ್ಕೆ ನಿನ್ನೆ ಕೋರ್ಟಿಗೆ ಒಂದು ಅರ್ಜಿ ಬರೆದೆ. ಎರಡೂ ಪ್ರಕರಣ ಮುಗಿದ ಮೇಲೆ ಈ ಚರ್ಮವನ್ನು ಯಾರಿಗೂ ಕೊಡಬಾರದು, ಗೋಡೆಗೆ ತೂಗುಹಾಕಬಾರದು. ಅಧಿಕಾರಿಗಳ ಎದುರಿಗೆ ಗುಂಜಿಯಲ್ಲಿ ಸುಡಬೇಕು. ಅದಕ್ಕೆ ಮುಂಚೆ ಮೀಸೆಯನ್ನು ಸಿದ್ದಕ್ಕನ ಕೈಯಿಂದ, ಅವರ ರೂಢಿಯಂತೆ, ಸುಡಿಸಬೇಕು. ಆಕೆಯ ಅತ್ತೆ ಅರುವತ್ತಾರರಲ್ಲಿ ಕೇಳಿದ್ದು ಇಷ್ಟನ್ನೇ ಎಂದೂ ಬರೆದಿದ್ದೇನೆ. ಒಪ್ಪುತ್ತಾರೋ ಇಲ್ಲವೋ. ಆ ದಿನ ನಾನು ಒಳಗಿದ್ದರೂ ಇರಬಹುದು.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಆ ಮಾತು ಬರೆಯುವುದು ನನಗೆ ಬಹಳ ಸುಲಭ.

ಗುರುಪುತ್ರಪ್ಪ

---

ಗುಂಜಿ
೧೦ ಮಾರ್ಚ್ ೨೦೦೧

ಗುರುಪುತ್ರಪ್ಪ,

ಹೋಳಿ ಹುಣ್ಣಿವಿ ಆತು. ಕೆಮ್ಮು ಕಡಿಮಿ ಆಗೇತಿ. ಎಮ್ಮಿ ನನ್ನ ಗುರ್ತು ಹಿಡದ್ವು, ಒಂದ ಮಾತ್ರ ಹಾಯಾಕ ಬಂತು. ಅದಕ್ಕೂ ನಿನ್ನಂಗ ನೆನಪ ಕಡಿಮಿ ಅಂತ ಕಾಣತೈತಿ.

ನಿನ್ನ ಪತ್ರ ನೀಲಾ ಗಟ್ಟಿಯಾಗಿ ಓದಿದ್ಳು. ಮುಗದ ಮ್ಯಾಲ ಸಿದ್ದಕ್ಕ ಎದ್ದು ಹೊಲದ ಮೂಲಿಗೆ ಹೋಗಿ ಬಂದ್ಳು. ಆ ತಗ್ಗು ಹಂಗ ತೆರಕೊಂಡ ಐತಿ, ಫಾರೆಸ್ಟಿನವರು ಮುಚ್ಚಿಲ್ಲ. ಮಳಿಗಾಲದಾಗೂ ಹಂಗ ಇರಲಿ ಅಂತಾಳ ಆಕಿ. ನಿನ್ನ ಅರ್ಜಿ ಪಾಸಾದ್ರ ಅಲ್ಲೇ ಮಾಡೂಣು ಅಂತಾಳ. ಧಣಿ ಜೀಪು ದಿನಾ ಅದರ ಬಾಜೂಕ ಹಾದು ಹೋಗತೈತಿ. ಹೋಗ್ಲಿ, ನೋಡಕೊಂತ ಹೋಗ್ಲಿ.

ನಾ ನಿನ್ನ ಮ್ಯಾಲ ಸಿಟ್ಟ ಅದೇನಿ. ಎಷ್ಟ ದಿನ ಇರತೈತಿ ಗೊತ್ತಿಲ್ಲ. ನಿನ್ನ ಕೇಸಿನ ತಾರೀಕ ಬಂದಾಗ ತಿಳಸು. ಖಾನಾಪುರಕ್ಕ ಬರತೇನಿ. ಮಾತಾಡಸಲಿಕ್ಕಿಲ್ಲ, ಆದ್ರ ಬಂದ ಹಿಂದಿನ ಬೆಂಚಿನ್ಯಾಗ ಕುಂದರತೇನಿ.

ಇದು ಒಂದ ಹಾಳಿ ಪತ್ರ. ಎಣಿಸಿಕೋ.

ಮೈಲಾರಲಿಂಗ